ಹೇಮಗುಡ್ಡದ ಸುತ್ತಿನ ಶಿಲೆಗಳು ಮತ್ತು ಸಂಕೀರ್ಣ ಜೀವದ ಹುಟ್ಟು

ಗಂಗಾವತಿ ತಾಲ್ಲೂಕಿನ ಹೇಮಗುಡ್ಡವನ್ನು ಜನ ನೆನೆಯುವುದು 14ನೇ ಶತಮಾನದ ಕುಮಾರರಾಮನ ಕಥೆಯೊಂದಿಗೆ. ಅಲ್ಲಿನ ಗ್ರಾನೈಟ್ ಬಂಡೆಗಳಿಗಾದರೋ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಾಳದ ಶಿಲಾಪಾಕ ತಣಿದು ಗಟ್ಟಿಯಾದ ಈ ಕಲ್ಲಿನಲ್ಲಿ ಪಳೆಯುಳಿಕೆ ಉಳಿಯುವುದಿಲ್ಲ. ಹಳೆಯ ಜೀವಿಗಳ ಗುರುತನ್ನು ಸುತ್ತಲಿನ ಕಡಲ ಶಿಲೆಗಳಲ್ಲಿ ಹುಡುಕಬೇಕು.

ತುಂಗಭದ್ರೆಯ ಆಚೆ, ಸಂಡೂರಿನಲ್ಲಿ, ಈ ಗ್ರಾನೈಟ್‌ಗಿಂತಲೂ ಹಳೆಯ ಕಡಲ ಶಿಲೆಗಳಿವೆ. ಅವುಗಳಲ್ಲಿ ಕಾಣುವ ಸ್ಟ್ರೊಮ್ಯಾಟೊಲೈಟ್‌ಗಳು ಸೂಕ್ಷ್ಮಾಣುಗಳ ಹಾಸುಗಳು ಪದರ ಪದರವಾಗಿ ಕಟ್ಟಿದ ರಚನೆಗಳು. ಇಂಥ ಹಾಸುಗಳಲ್ಲಿ ಬೆಳೆಯುವ, ಬಿಸಿಲನ್ನು ಬಳಸಿ ಆಮ್ಲಜನಕ ಬಿಡುವ ಸಯನೊಬ್ಯಾಕ್ಟೀರಿಯ ಕ್ರಮೇಣ ಭೂಮಿಯ ಸ್ಥಿತಿಯನ್ನೇ ಬದಲಿಸಿದವು. ಕಡಲಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು; ಸುಮಾರು 240 ಕೋಟಿ ವರ್ಷಗಳ ಹಿಂದಿನಿಂದ ವಾತಾವರಣದಲ್ಲೂ ಆಮ್ಲಜನಕ ಸೇರತೊಡಗಿತು.

ಮುಂದಿನ ದೊಡ್ಡ ತಿರುವು ಸಂಕೀರ್ಣ ಕೋಶ. ಒಂದು ಸೂಕ್ಷ್ಮಜೀವಿ ಇನ್ನೊಂದನ್ನು ಒಳಸೇರಿಸಿಕೊಂಡಿತು; ಒಳಹೊಕ್ಕದ್ದು ಜೀರ್ಣವಾಗದೆ ಉಳಿದು, ಶಕ್ತಿ ಒದಗಿಸುವ ಮೈಟೋಕಾಂಡ್ರಿಯವಾಯಿತು. 1967ರಲ್ಲಿ ಲಿನ್ ಮಾರ್ಗುಲಿಸ್ ವಾದಿಸಿದ ಈ ವಿವರಣೆ ಈಗ ಸರ್ವಸಮ್ಮತ. ನ್ಯೂಕ್ಲಿಯಸ್ ಉಳ್ಳ ಇಂಥ ಕೋಶಗಳ ನಂಬಲರ್ಹ ಪಳೆಯುಳಿಕೆಗಳಿಗೆ ಸುಮಾರು 165 ಕೋಟಿ ವರ್ಷ. ಮಧ್ಯ ಭಾರತದ ಚಿತ್ರಕೂಟದಲ್ಲಿ ಸಿಕ್ಕ, ಸುಮಾರು 160 ಕೋಟಿ ವರ್ಷದ ಬಹುಕೋಶೀಯ ಪಳೆಯುಳಿಕೆಗಳನ್ನು 2017ರಲ್ಲಿ ಕೆಂಪು ಪಾಚಿಯ ಬಗೆಯವೆಂದು ಗುರುತಿಸಲಾಯಿತು.

ಇತ್ತ ಕರ್ನಾಟಕದಲ್ಲಿ ಗ್ರಾನೈಟ್ ನೆಲ ಸವೆದು ತಗ್ಗಾದಂತೆ ಉತ್ತರದಲ್ಲಿ ಆಳವಿಲ್ಲದ ಕಡಲು ಹರಡಿತು. ಕುಷ್ಟಗಿಯ ಉತ್ತರಕ್ಕಿರುವ ಬಾಗಲಕೋಟೆ ಸೀಮೆಯ ಕಲಾದಗಿ ಶಿಲೆಗಳು ಆ ಕಡಲಿನ ಮರಳು, ಕೆಸರು, ಸುಣ್ಣ. ಅಲ್ಲಿನ ಡಾಲಮೈಟ್‌ಗಳಲ್ಲೂ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಸಂಕೀರ್ಣ ಕೋಶ ಹುಟ್ಟಿದ ಮೇಲೂ ಕಡಲತಳದಲ್ಲಿ ಸೂಕ್ಷ್ಮಾಣುಗಳ ಹಾಸುಗಳದ್ದೇ ಮೇಲುಗೈಯಾಗಿತ್ತು. ಇಂಥದ್ದೇ ಇನ್ನೊಂದು ಕಡಲ ಶಿಲೆಗಳ ಗುಂಪು ಭೀಮಾ ಶಿಲಾಸಮೂಹ; ಮನೆಯ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಅದರದ್ದು. ಅದೇ ಸಮೂಹದ ಶೇಲ್ ಪದರಗಳಲ್ಲಿ ಚುವಾರಿಯ ಎಂಬ ದುಂಡನೆಯ ಇಂಗಾಲದ ಅಚ್ಚುಗಳು ಸಿಕ್ಕಿವೆ. ಮಿಲಿಮೀಟರ್ ಅಳತೆಯ, ಬರಿಗಣ್ಣಿಗೂ ಕಾಣುವ ಇವನ್ನು ಹಲವು ವಿಜ್ಞಾನಿಗಳು ಸಂಕೀರ್ಣ ಕೋಶದ ಪಾಚಿಯೆಂದು ಎಣಿಸುತ್ತಾರೆ.

ದೊಡ್ಡ ಮೈಯ ಜೀವಿಗಳು ಕಾಣಿಸಿಕೊಂಡದ್ದು ಸುಮಾರು 57 ಕೋಟಿ ವರ್ಷಗಳ ಹಿಂದೆ. ಪ್ರಾಣಿವರ್ಗಗಳು ಬಹುಬೇಗ ಕವಲೊಡೆದ ಕೇಂಬ್ರಿಯನ್ ಯುಗ ಆರಂಭವಾದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಮಧ್ಯಪ್ರದೇಶದ ಭೀಮ್‌ಬೆಟ್ಕಾದಲ್ಲಿ, ಕೇಂಬ್ರಿಯನ್‌ಗೂ ಮುಂಚಿನ ಆ ದೊಡ್ಡ ಮೈಯ ಜೀವಿಗಳಲ್ಲೊಂದಾದ ಡಿಕಿನ್ಸೋನಿಯ ಸಿಕ್ಕಿತೆಂದು 2021ರಲ್ಲಿ ಪ್ರಕಟವಾದ ವರದಿ ನಿಲ್ಲಲಿಲ್ಲ. ಬಂಡೆಗಂಟಿದ್ದ ಹಳೆಯ ಜೇನುಗೂಡಿನ ಗುರುತು ಅದೆಂದು 2023ರಲ್ಲಿ ತಿಳಿಯಿತು. ಮೊದಲ ಪ್ರಾಣಿಗಳ ಅಧ್ಯಯನಕ್ಕೆ ಆಸ್ಟ್ರೇಲಿಯದ ಎಡಿಯಾಕರ, ಚೀನಾದ ಚೆಂಗ್‌ಜಿಯಾಂಗ್ ಮುಖ್ಯ ನೆಲೆಗಳು. ಕರ್ನಾಟಕದ ಶಿಲೆಗಳ ಮಹತ್ವ ಅದಕ್ಕೂ ಹಿಂದಿನ, ಸೂಕ್ಷ್ಮಾಣುವಿನಿಂದ ಪಾಚಿಯವರೆಗಿನ ದೀರ್ಘ ಅವಧಿಯದು.