ತುಕ್ಕು ಹಿಡಿದ ಮೋಟಾರೂ ವಿಶ್ವೇಶ್ವರಯ್ಯನವರ ಕಾರ್ಖಾನೆಯೂ

ಜಯನಗರ, ಬನಶಂಕರಿಗಳ ಹಳೆಯ ಬೀದಿಗಳಲ್ಲಿ ನಡೆದಾಡುವವರಿಗೆ ಒಂದು ನೋಟ ಪರಿಚಿತವಾದುದೇ. ಕಾಂಪೌಂಡಿನ ಒಳಗೆ, ಸಂಪಿಗೆಯ ಮರದ ಕೆಳಗೋ ತಗಡಿನ ಷೆಡ್ಡಿನಲ್ಲೋ, ಟಾರ್ಪಾಲು ಹೊದ್ದು ನಿಂತ ಒಂದು ಮೋಟಾರು. ಚಕ್ರಗಳಲ್ಲಿ ಗಾಳಿಯಿಲ್ಲ, ನಂಬರು ಫಲಕದ ಮೇಲೆ ಮಾತ್ರ ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳು ಇನ್ನೂ ಅಳಿಸಿಲ್ಲ. ಮನೆಯ ಯಜಮಾನರು ತೀರಿಕೊಂಡು, ಮಕ್ಕಳು ಮನೆಯನ್ನು ಕೆಡವಿ ಮಹಡಿಗಳನ್ನೆಬ್ಬಿಸಲು ಹೊರಟಾಗ ಪ್ರಶ್ನೆ ಏಳುತ್ತದೆ: ಗುಜರಿಗೆ ಹಾಕುವುದೋ, ಕೇಳಿದವರಿಗೆ ಕೊಡುವುದೋ? ಕೊಳ್ಳುವವರ ಪ್ರಶ್ನೆ ಇನ್ನೂ ಕಠಿನವಾದುದು. ರಿಪೇರಿಯ ಖರ್ಚಿಗೆ ಇದು ತಕ್ಕ ವಸ್ತುವೆ?

ಮಿತ್ರರೊಬ್ಬರು ಇಂತಹ ಒಂದು ಫಿಯೆಟ್ಟಿನ ಮೇಲೆ ಮನಸ್ಸಿಟ್ಟು ನನ್ನ ಅಭಿಪ್ರಾಯ ಕೇಳಿದರು. ಹಳಗನ್ನಡ ಪಾಠ ಹೇಳುವವನಿಗೆ ಮೋಟಾರಿನ ಗೊಡವೆ ಏಕೆಂದು ವಾಚಕರು ನಗಬಹುದು. ಆದರೆ ಹಳೆಯ ವಸ್ತುವಿನ ಬೆಲೆಯನ್ನು ಅದರ ಹುಟ್ಟು ತಿಳಿಯದೆ ಕಟ್ಟಲಾಗದು. ಈ ಫಿಯೆಟ್ಟಿನ ಹುಟ್ಟಂತೂ ಬೆಂಗಳೂರಿಗೆ ಬಹಳ ಹತ್ತಿರ ಬಂದು ತಪ್ಪಿಹೋದದ್ದು.

1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದರು. ನಮ್ಮ ದೇಶದಲ್ಲಿ ಕಾರನ್ನು ಬಿಡಿಭಾಗ ತರಿಸಿ ಜೋಡಿಸುವುದಲ್ಲ, ನಿಜವಾಗಿ ತಯಾರಿಸಬೇಕೆಂಬುದು ಅವರ ಹಟ. ಯೋಜನೆ ಸಿದ್ಧವಾಯಿತು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಬೆಂಬಲ ಕೊಡಲು ಒಪ್ಪಿದ್ದಿತು. 1939ರಲ್ಲಿ ಅದು ರಾಜೀನಾಮೆ ಕೊಟ್ಟು ಹೊರಬಂದಿತು. ಆಮೇಲೆ ಕಣ್ಣು ತಿರುಗಿದ್ದು ಬೆಂಗಳೂರಿನ ಕಡೆಗೆ. ಮೈಸೂರು ಸರ್ಕಾರ ಮುಂದೆ ಬಂದಿತು. ಆದರೆ ಯುದ್ಧದ ಆ ದಿನಗಳಲ್ಲಿ ಬ್ರಿಟಿಷ್ ಭಾರತ ಸರ್ಕಾರ ಕಾರಿನ ಕಾರ್ಖಾನೆಗೆ ಸಮ್ಮತಿಸಲಿಲ್ಲ. ವಿನೋದವೇನೆಂದರೆ, ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಮರುವರ್ಷವೇ ಅಲ್ಲಿ ಜೋಡಿಸಿದ ವಿಮಾನ ಹಾರಿತು! ಕಾರು ಬೇಡವೆಂದವರಿಗೆ ವಿಮಾನ ಬೇಕಾಗಿದ್ದಿತು. ಕೊನೆಗೆ 1944ರಲ್ಲಿ ವಾಲ್‌ಚಂದರು ಮುಂಬಯಿಯಲ್ಲೇ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಮೊದಲು ಅಮೆರಿಕದ ಕ್ರೈಸ್ಲರ್ ಬಳಗದ ಕಾರುಗಳು, ಆಮೇಲೆ 1950ರ ದಶಕದಲ್ಲಿ ಇಟಲಿಯ ಫಿಯೆಟ್ ಅಲ್ಲಿಂದ ಹೊರಬಂದವು. ನನ್ನ ಮಿತ್ರರು ಮೋಹಿಸಿದ್ದು ಆ ವಂಶದ ಕುಡಿಯನ್ನೇ.

ಅದು ಇಷ್ಟು ಕಾಲ ಉಳಿದದ್ದಕ್ಕೂ ಚರಿತ್ರೆಯಲ್ಲಿ ಕಾರಣವುಂಟು. 1960ರ ದಶಕದಲ್ಲಿ ದೇಶಕ್ಕೆಲ್ಲ ಇದ್ದದ್ದು ಅಂಬಾಸಿಡರ್, ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರೇ ಕಾರುಗಳು. 1959ರ ಆಜ್ಞೆಯಿಂದ ಮಾರಾಟವೆಲ್ಲ ಸರ್ಕಾರದ ಹಿಡಿತಕ್ಕೆ ಬಂದಿದ್ದಿತು. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯಲಾರದವರು ಓಡಿಸಿದ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ತೆತ್ತರು. ಅಂಥ ಕಾಲದಲ್ಲಿ ಮೋಟಾರನ್ನು ಬಿಸಾಡುವ ಮಾತೆಲ್ಲಿ? ತೂತು ಬಿದ್ದಲ್ಲಿ ತಗಡಿನ ತೇಪೆ, ತೇಪೆಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಟಿಂಕರಿಂಗ್ ಕೈಚಳಕವೂ ಬೆಳೆದದ್ದು ಇಂತಹ ಕೊರತೆಯಿಂದಲೇ. (ಬೆಂಗಳೂರಿನದೇ ಆದ ಪುಟ್ಟ ಕಾರು, ಸಿಪಾನಿಯವರ ಡಾಲ್ಫಿನ್, 1982ರಲ್ಲಿ ಬಂದಿತು. ಅದರ ಮೈ ಫೈಬರ್ ಗ್ಲಾಸಿನದು. ತುಕ್ಕಿನ ಭಯವೇ ಇಲ್ಲ. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಅದನ್ನು ಕೇಳುವವರು ವಿರಳರಾದರು.)

ಈಗ ತುಕ್ಕಿನ ಮಾತು. ಎಂಜಿನಿಗೆ ಹೆದರಬೇಕಾದ್ದಿಲ್ಲ. ಅರವತ್ತರ ದಶಕದ ಫಿಯೆಟ್ಟಿನ 1089 ಸಿ.ಸಿ. ಎಂಜಿನೇ ಮುಂದೆ ಪದ್ಮಿನಿಗೂ ಬಂದಿತು. ಆ ಕಾರು ಶತಮಾನದ ಕೊನೆಯವರೆಗೂ ತಯಾರಾಗುತ್ತಿದ್ದುದರಿಂದ ಭಾಗಗಳನ್ನು ಹುಡುಕಿದರೆ ಸಿಗುತ್ತವೆ. ಭಯ ಪಡಬೇಕಾದ್ದು ಮೈಗೆ. ಹೆರಾಲ್ಡಿಗೆ ಕೆಳಗೆ ಬೇರೆಯೇ ಚಾಸಿ ಇದೆ. ಅದು ಗಟ್ಟಿಯಿದ್ದರೆ ಮೇಲಿನ ತಗಡು ಕೊಳೆತರೂ ಕಾರು ಬದುಕುತ್ತದೆ. ಫಿಯೆಟ್ಟಿಗೂ ಅಂಬಾಸಿಡರಿಗೂ ಹಾಗಲ್ಲ. ಅವುಗಳ ಮೈಯೇ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಹಿಂದಿನ ಸ್ಪ್ರಿಂಗು ಕೂರುವ ಜಾಗ, ಇವು ತಿಂದುಹೋಗಿದ್ದರೆ ಹೋದದ್ದು ಅಂದವಲ್ಲ, ಬಲವೇ. ಒಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಅದು ಹಿಡಿಯದ ಕಡೆಯೆಲ್ಲ ಪುಟ್ಟಿ ಎಂದು ತಿಳಿಯಬಹುದು. ಚಾಪೆ ಎತ್ತಿ ನೆಲವನ್ನು ಸ್ಕ್ರೂಡ್ರೈವರಿನಿಂದ ಒತ್ತಲು ಮಾಲೀಕರು ಬಿಡದಿದ್ದರೆ ಅಲ್ಲಿಂದ ಎದ್ದು ಬರುವುದೇ ಮೇಲು.

ಕಾನೂನಿನ ತೊಡಕು ಬೇರೆ. 15 ವರ್ಷ ದಾಟಿದ ಕಾರನ್ನು ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000. ಐವತ್ತು ವರ್ಷ ಮೀರಿದ ಕಾರುಗಳಿಗೆ 2021ರ ವಿಂಟೇಜ್ ನಿಯಮವುಂಟು, ಹಳೆಯ ‘ಎಂ.ವೈ.’ ನಂಬರನ್ನು ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನವೂ ಬೀದಿಯಲ್ಲಿ ಓಡಿಸುವಂತಿಲ್ಲ. ಚಾಸಿ, ಮೈ, ಎಂಜಿನುಗಳನ್ನು ಗಣನೀಯವಾಗಿ ಮಾರ್ಪಡಿಸಿಯೂ ಇರಬಾರದು. ಎಂದರೆ, ತುಕ್ಕು ತಿಂದ ಮೈಯನ್ನು ಉಳಿಸಲು ಅಳತೆ ಮೀರಿ ಕತ್ತರಿಸಿ ಬೆಸೆದರೆ, ಯಾವ ಹಳಮೆಗಾಗಿ ಹಣ ಸುರಿದೆವೋ ಆ ಹಳಮೆಯ ಹಕ್ಕಿಗೇ ಧಕ್ಕೆ ಬರಬಹುದು.

ಮಿತ್ರರ ಫಿಯೆಟ್ಟನ್ನು ಹೋಗಿ ನೋಡಿದೆವು. ಎಡಪಟ್ಟಿಯ ಮೇಲೆ ಅಯಸ್ಕಾಂತ ಎಲ್ಲಿಯೂ ನಿಲ್ಲಲಿಲ್ಲ. ನೆಲದ ಮೂಲಕ ಕೆಳಗಿನ ಹುಲ್ಲು ಕಾಣುತ್ತಿದ್ದಿತು. ಕೊಳ್ಳಬೇಡಿರೆಂದೆ. ಅದರ ಎಂಜಿನೂ ಗೇರುಪೆಟ್ಟಿಗೆಯೂ ಮೈ ಗಟ್ಟಿಯಿರುವ ಇನ್ನೊಂದು ಫಿಯೆಟ್ಟಿಗೆ ಒದಗಿಯಾವು. ಅವರಿಗೆ ಮಾತು ರುಚಿಸಲಿಲ್ಲ. ಅಂಥ ಇನ್ನೊಂದು ಎಲ್ಲಿದೆ ಎಂದು ಕೇಳಿದರು. ಜೆ.ಪಿ. ನಗರದಲ್ಲಿ ಒಂದಿದೆಯಂತೆ; ಬರುವ ಭಾನುವಾರ ಇಬ್ಬರೂ ಹೋಗುವವರಿದ್ದೇವೆ.