ಸುಳ್ಳಿನಿಂದ ಸತ್ಯಕ್ಕೆ ಏರಿದ ಏಣಿಯೆ?

ಬ್ಯಾಂಕು, ಕಾರ್ಖಾನೆ, ಆಸ್ಪತ್ರೆ, ವಿಶ್ವವಿದ್ಯಾನಿಲಯ ಎಲ್ಲೆಡೆಯೂ ಇಂದು ಸಾರ್ವಜನಿಕ ಸಂಪರ್ಕಾಧಿಕಾರಿ ಎಂಬ ಹುದ್ದೆಯುಂಟು. ಸಂಸ್ಥೆಯ ವಿಷಯದಲ್ಲಿ ಜನರಿಗೆ ಸದಭಿಪ್ರಾಯ ಮೂಡಿಸುವುದೇ ಅವರ ಕಾರ್ಯ. ಈ ವೃತ್ತಿ ಹೇಗೆ ಹುಟ್ಟಿತೆಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಬಹುಕಾಲ ಒಂದೇ ಉತ್ತರವನ್ನು ಕೊಡುತ್ತ ಬಂದವು.

ಆ ಉತ್ತರವು ಏಣಿಯ ರೂಪದ್ದು. ಕೆಳಗಿನ ಮೆಟ್ಟಿಲಲ್ಲಿ ಅಮೆರಿಕದ ಪ್ರದರ್ಶನಕಾರ ಪಿ. ಟಿ. ಬಾರ್ನಮ್. ಗುಲಾಮಳಾಗಿದ್ದ ಜಾಯ್ಸ್ ಹೆತ್ ಎಂಬ ವೃದ್ಧೆಯನ್ನು ಆತನು 1835ರಲ್ಲಿ 161 ವರ್ಷದವಳೆಂದು, ಜಾರ್ಜ್ ವಾಷಿಂಗ್ಟನ್ನನ ದಾದಿಯೆಂದು ಸಾರಿ ಹಣ ಗಳಿಸಿದನು. ಮುಂದಿನ ಮೆಟ್ಟಿಲಲ್ಲಿ ನಿಜ ಸಂಗತಿಯನ್ನು ತಿಳಿಸಹೊರಟ ಐವಿ ಲೀ. ಅದರ ಮೇಲೆ ಮನಃಶಾಸ್ತ್ರವನ್ನು ಬಳಸಿದ ಎಡ್ವರ್ಡ್ ಬರ್ನೇಸ್. ತುದಿಯಲ್ಲಿ ಸಂಸ್ಥೆಗೂ ಜನರಿಗೂ ನಡುವಣ ಸಮಾನ ಸಂವಾದ. 1984ರಲ್ಲಿ ಗ್ರೂನಿಗ್ ಮತ್ತು ಹಂಟ್ ಎಂಬ ವಿದ್ವಾಂಸರು ಇದನ್ನು ನಾಲ್ಕು ಮಾದರಿಗಳಾಗಿ ವಿಂಗಡಿಸಿದ ಮೇಲೆ ಈ ಕಥನವು ತರಗತಿಗಳಲ್ಲಿ ನೆಲೆಯೂರಿತು. ಕೇಳಲು ಹಿತವಾದ ಕಥನವೇ ಸರಿ.

ಆದರೆ ಲೀಯ ಜೀವನವನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಏಣಿ ಅಲುಗಾಡುತ್ತದೆ. ಪತ್ರಕರ್ತನಾಗಿದ್ದ ಆತನು 1906ರಲ್ಲಿ ಕಲ್ಲಿದ್ದಲು ಗಣಿಗಳ ಮಾಲೀಕರ ಪರವಾಗಿ ಪತ್ರಿಕೆಗಳಿಗೆ ಒಂದು ತತ್ತ್ವಘೋಷಣೆಯನ್ನು ಕಳುಹಿಸಿದನು. ತನ್ನದು ಗುಪ್ತ ಕಚೇರಿಯಲ್ಲ, ಕೆಲಸವೆಲ್ಲವೂ ಬಹಿರಂಗ, ಮಾಹಿತಿ ನಿಖರ, ಪರಿಶೀಲಿಸಬಯಸುವ ಸಂಪಾದಕರಿಗೆ ನೆರವು ಸಿದ್ಧ ಎಂಬುದು ಅದರ ಸಾರ. 1914ರ ಏಪ್ರಿಲ್ 20ರಂದು ಕೊಲರಾಡೋ ರಾಜ್ಯದ ಲಡ್ಲೋದಲ್ಲಿ ಮುಷ್ಕರ ಹೂಡಿದ್ದ ಗಣಿಕಾರ್ಮಿಕರ ಡೇರೆಗಳ ಮೇಲೆ ರಾಜ್ಯದ ಸಶಸ್ತ್ರ ಪಡೆ ಎರಗಿತು. ಡೇರೆಗಳು ಉರಿದಾಗ ಅವುಗಳ ಕೆಳಗಿನ ಒಂದು ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರೂ ಹನ್ನೊಂದು ಮಕ್ಕಳೂ ಉಸಿರುಕಟ್ಟಿ ಸತ್ತರು. ಅಲ್ಲಿನ ದೊಡ್ಡ ಗಣಿ ಕಂಪನಿಯ ಪ್ರಧಾನ ಷೇರುದಾರರಾದ ರಾಕ್‌ಫೆಲ್ಲರ್ ಕುಟುಂಬದವರು ಲೀಯನ್ನು ನೇಮಿಸಿಕೊಂಡರು. ಆತನು ಹೊರಡಿಸಿದ ಪ್ರಕಟಣೆಯೊಂದರಲ್ಲಿ ಕಾರ್ಮಿಕ ನಾಯಕನೊಬ್ಬನ ಇಡೀ ವರ್ಷದ ಸಂಬಳವು ಒಂಬತ್ತು ವಾರಗಳ ಸಂಬಳವೆಂದು ಅಚ್ಚಾಯಿತು. ಮಾಲೀಕರು ಒದಗಿಸಿದ ಸಂಗತಿಗಳನ್ನು ತಾನು ಪರೀಕ್ಷಿಸಿಯೇ ಇರಲಿಲ್ಲವೆಂದು ಲೀ 1915ರಲ್ಲಿ ಸರ್ಕಾರದ ವಿಚಾರಣಾ ಆಯೋಗದ ಮುಂದೆ ಒಪ್ಪಿಕೊಂಡನು. ಸತ್ಯದ ಘೋಷಣೆ ಮೊದಲು, ಅಸತ್ಯ ಅನಂತರ!

ಏಣಿಯನ್ನು ಒಪ್ಪದ ಇತಿಹಾಸಕಾರರು ಬೇರೆಡೆ ಮೂಲವನ್ನು ಅರಸಿದರು. ಪತ್ರಿಕೆಗಳು ಅಕ್ರಮಗಳನ್ನು ಬಯಲಿಗೆಳೆದಾಗ, ಜನಸಮೂಹ ಎಚ್ಚೆತ್ತಾಗ, ಉಳ್ಳವರಲ್ಲಿ ಹುಟ್ಟಿದ ಅಂಜಿಕೆಯನ್ನು ಸ್ಟುವರ್ಟ್ ಯೂಯನ್ 1996ರಲ್ಲಿ ಮುಂದಿಟ್ಟರು. ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತದ ಅಧಿಕಾರಿಗಳು ವಹಿಸಿದ ಪಾತ್ರವನ್ನು ಜಾಕಿ ಲೆಟಾಂಗ್ 2004ರಲ್ಲಿ ತೋರಿಸಿದರು. ಇನ್ನು ಲ್ಯಾಮ್ ಮತ್ತು ರಸೆಲ್ ಅವರ 2010ರ ಅಧ್ಯಯನದ ಪ್ರಕಾರ, ಧರ್ಮಪ್ರಸಾರ, ಶಿಕ್ಷಣ, ದಾನನಿಧಿ ಸಂಗ್ರಹ, ರಾಜಕೀಯ ಇವೆಲ್ಲವುಗಳಲ್ಲಿ ಈ ತಂತ್ರಗಳು 1900ಕ್ಕೆ ಬಹು ಮೊದಲೇ ಬಳಕೆಯಲ್ಲಿದ್ದವು. ಬಸದಿ, ಛತ್ರ, ವಿದ್ಯಾಲಯಗಳ ಆಡಳಿತವನ್ನು ಹೊತ್ತ ನಮ್ಮಂಥವರು ಇದು ಕಂಪನಿಗಳ ಕಥೆ ಮಾತ್ರವೆಂದು ಪುಟ ತಿರುವುವಂತಿಲ್ಲ.

ಹಾಗಾದರೆ ಏಣಿಯನ್ನು ಕಟ್ಟಿದವರಾರು? ಬಹುಮಟ್ಟಿಗೆ ಆ ವೃತ್ತಿಯವರೇ. 103 ವರ್ಷ ಬದುಕಿ 1995ರಲ್ಲಿ ತೀರಿಕೊಂಡ ಬರ್ನೇಸ್ ತನ್ನ ವೃತ್ತಿಯ ಇತಿಹಾಸವನ್ನು ತಾನೇ ಬರೆದನು. 1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನಲ್ಲಿ ಯುವತಿಯರು ಸಿಗರೇಟು ಸೇದುತ್ತ ನಡೆದುದು ಸ್ತ್ರೀಸ್ವಾತಂತ್ರ್ಯದ ಕುರುಹೆಂದು ಬಿಂಬಿತವಾಯಿತು; ಅದರ ಹಿಂದೆ ತಂಬಾಕು ಕಂಪನಿಯ ಪರವಾಗಿ ದುಡಿಯುತ್ತಿದ್ದ ಬರ್ನೇಸ್ ಇದ್ದನು. ಆ ಒಂದು ನಡಿಗೆಯಿಂದ ಸಮಾಜದ ಕಟ್ಟಳೆಯೇ ಮುರಿಯಿತೆಂಬ ಮಾತು ಮುಖ್ಯವಾಗಿ ಆತನ ಬರಹಗಳಿಂದಲೇ ಹರಡಿದ್ದು. ಅಂದಿನ ವರದಿಗಳನ್ನು ಶೋಧಿಸಿದ ಈಚಿನ ಸಂಶೋಧಕರು ಅದರ ಪರಿಣಾಮ ಅಷ್ಟು ದೊಡ್ಡದಾಗಿರಲಿಲ್ಲವೆನ್ನುತ್ತಾರೆ.