ಜೋನ್ಸ್ ಎಂಬ ಹೆಸರಿನ ಕಥೆ

ಕಾಳಿದಾಸನ ಶಾಕುಂತಲವನ್ನು 1789ರಲ್ಲಿ ಇಂಗ್ಲಿಷಿಗೆ ತಂದು, ಯೂರೋಪಿನ ರಸಿಕರಿಗೆ ಅದರ ರುಚಿಯನ್ನು ತೋರಿಸಿದವರು ಸರ್ ವಿಲಿಯಂ ಜೋನ್ಸ್. ನ್ಯಾಯಾಧೀಶರಾಗಿ 1783ರಲ್ಲಿ ಕಲ್ಕತ್ತೆಗೆ ಬಂದು, ಮರುವರ್ಷವೇ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿ, ಪಂಡಿತರಿಂದ ಸಂಸ್ಕೃತವನ್ನು ಕಲಿತ ಆ ಮಹನೀಯರ ಹೆಸರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆದರೆ ಅವರ ಹಿರಿಯರ ಪದ್ಧತಿ ಹಾಗೆಯೇ ಉಳಿದುಬಂದಿದ್ದರೆ ಅವರು ಜೋನ್ಸ್ ಆಗುತ್ತಲೇ ಇರಲಿಲ್ಲ, ವಿಲಿಯಂ ವಿಲಿಯಮ್ಸ್ ಆಗುತ್ತಿದ್ದರು ಎಂದರೆ ನಂಬುವಿರಾ? ಇದು ತಿಳಿಯಬೇಕಾದರೆ ಅವರ ತಂದೆ ಹುಟ್ಟಿದ ವೇಲ್ಸ್ ದೇಶಕ್ಕೆ ಹೋಗಬೇಕು.

ಇಂಗ್ಲೆಂಡಿನ ಪಶ್ಚಿಮಕ್ಕೆ, ಗುಡ್ಡಬೆಟ್ಟಗಳ ನಡುವೆ ಇರುವ ನಾಡು ವೇಲ್ಸ್. ಅಲ್ಲಿನ ವೆಲ್ಷ್ ಭಾಷೆ ಇಂಗ್ಲಿಷಿನ ಉಪಭಾಷೆಯಲ್ಲ. ಅದು ಬೇರೆಯೇ ಶಾಖೆಗೆ ಸೇರಿದ ಪ್ರಾಚೀನ ಭಾಷೆ. ಆ ಜನರಿಗೆ ಹಿಂದೆ ಮನೆತನದ ಹೆಸರೆಂಬುದು ಇರಲಿಲ್ಲ. ತನ್ನ ಹೆಸರು, ಅದರ ಮುಂದೆ ತಂದೆಯ ಹೆಸರು, ನಡುವೆ 'ಅಪ್' ಎಂಬ ಒಂದು ಪುಟ್ಟ ಶಬ್ದ, ಇಷ್ಟೇ. ವೆಲ್ಷ್‌ನಲ್ಲಿ 'ಮಾಬ್' ಎಂದರೆ ಮಗ. ನಮ್ಮಲ್ಲಿ ಕಣ್ಣು, ಪನಿ ಸೇರಿದಾಗ ಪಕಾರವು ಬಕಾರವಾಗಿ 'ಕಂಬನಿ' ಆಗುವಂತೆ, ಆ ಭಾಷೆಯಲ್ಲೂ ಪದದ ಮೊದಲ ವ್ಯಂಜನ ಮಾರ್ಪಡುವುದುಂಟು. ಹೀಗೆ 'ಮಾಬ್' ಸವೆದು 'ಅಬ್' ಮತ್ತು 'ಅಪ್' ಆಯಿತು. ನಾವು ದಶರಥನ ಮಗನನ್ನು ದಾಶರಥಿ ಎಂದಂತೆ, ಅವರು ಗ್ರಿಫಿದನ ಮಗ ಲೆವೆಲಿನನನ್ನು 'ಲೆವೆಲಿನ್ ಅಪ್ ಗ್ರಿಫಿದ್' ಎಂದರು. ವೇಲ್ಸಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿ 1282ರಲ್ಲಿ ಮಡಿದ ರಾಜಕುಮಾರನ ಹೆಸರು ಇದೇ. ಬೇಕೆನಿಸಿದರೆ ಅಜ್ಜ, ಮುತ್ತಜ್ಜರನ್ನೂ ಸೇರಿಸಿ 'ಲೆವೆಲಿನ್ ಅಪ್ ಗ್ರಿಫಿದ್ ಅಪ್ ಲೆವೆಲಿನ್ ಅಬ್ ಯೊರ್ವೆರ್ಥ್' ಎಂದು ಹೇಳಿದರಾಯಿತು. ನಾಲ್ಕು ತಲೆಮಾರು ಒಂದೇ ಉಸಿರಿನಲ್ಲಿ ಬಂದುಬಿಡುತ್ತದೆ.

ಇದು ಬರಿಯ ಅಭಿಮಾನದ ಮಾತಾಗಿರಲಿಲ್ಲ. ಹವೆಲ್ ದೊರೆಯ ಹೆಸರಿನಲ್ಲಿ ಪ್ರಸಿದ್ಧವಾದ ಹಳೆಯ ವೆಲ್ಷ್ ಧರ್ಮಶಾಸ್ತ್ರದಂತೆ ತಂದೆಯ ಭೂಮಿ ಗಂಡುಮಕ್ಕಳಿಗೆಲ್ಲ ಪಾಲಾಗುತ್ತಿತ್ತು. ಕೊಲೆಯಾದರೆ ತೆರಬೇಕಾದ ದಂಡವೂ ದಾಯಾದಿಗಳ ಮೇಲೆ ಹಂಚಿಕೆಯಾಗುತ್ತಿತ್ತು. ಆದುದರಿಂದ ಯಾರು ಯಾರ ಮಗ ಎಂಬುದನ್ನು ಬಲ್ಲವನಿಗೆ ಹಕ್ಕೂ ಗೊತ್ತು, ಹೊಣೆಯೂ ಗೊತ್ತು. ಹೆಸರೇ ಅವನ ದಾಖಲೆಪತ್ರ. ಹೆಣ್ಣುಮಕ್ಕಳಿಗೂ ಇದೇ ಕ್ರಮ; ಅವರಿಗೆ 'ಅಪ್' ಬದಲು ಮಗಳೆಂಬ ಅರ್ಥದ 'ವೆರ್ಖ್'. 1136ರಲ್ಲಿ ಕಿಡ್ವೆಲಿಯ ಬಳಿ ನಾರ್ಮನರ ಮೇಲೆ ದಂಡೆತ್ತಿ ಹೋಗಿ ಮಡಿದ ವೀರವನಿತೆ 'ಗ್ವೆನ್ಲಿಯನ್ ವೆರ್ಖ್ ಗ್ರಿಫಿದ್'. ಮದುವೆಯಾದ ಮೇಲೂ ಹೆಣ್ಣು ತಂದೆಯ ಹೆಸರನ್ನು ಬಿಡಬೇಕಾಗಿರಲಿಲ್ಲ.

ಕಾಲ ಬದಲಾಯಿತು. 1536 ಮತ್ತು 1543ರ ಶಾಸನಗಳಿಂದ ವೇಲ್ಸ್ ಇಂಗ್ಲೆಂಡಿನೊಡನೆ ಒಂದಾಯಿತು. ನ್ಯಾಯಸ್ಥಾನದ ಭಾಷೆ ಇಂಗ್ಲಿಷ್ ಆಯಿತು. ಹಿರಿಯ ಮಗನಿಗೇ ಭೂಮಿ ಎಂಬ ಇಂಗ್ಲಿಷರ ಕಾನೂನು ಬಂತು. 1538ರಿಂದ ಚರ್ಚುಗಳಲ್ಲಿ ಜನನ, ವಿವಾಹ, ಮರಣಗಳ ಪುಸ್ತಕಗಳನ್ನು ಇಡಬೇಕೆಂಬ ಆಜ್ಞೆಯಾಯಿತು. ತಲೆಮಾರಿಗೊಮ್ಮೆ ಬದಲಾಗುವ ಹೆಸರು ಇಂಗ್ಲಿಷ್ ಪದ್ಧತಿಯ ಗುಮಾಸ್ತನ ಲೇಖನಿಗೆ ಹೊಂದುವುದೆಂತು? ಮೊದಲು ಶ್ರೀಮಂತರು, ಆಮೇಲೆ ಸಾಮಾನ್ಯರು ತಂದೆಯ ಹೆಸರೊಂದನ್ನು ಹಿಡಿದು ಅದನ್ನೇ ಮನೆತನದ ಹೆಸರಾಗಿ ನಿಲ್ಲಿಸಿದರು. ಬೆಟ್ಟದ ಮೂಲೆಯ ಹಳ್ಳಿಗಳಲ್ಲಿ ಈ ಕಾರ್ಯ ಮುಗಿಯಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು.

ಕೆಲವು ಕಡೆ ಆ ಪುಟ್ಟ ಶಬ್ದ ಮುಂದಿನ ಹೆಸರಿಗೆ ಅಂಟಿಕೊಂಡಿತು. ಅಪ್ ರೀಸ್ ಎಂಬುದು ಪ್ರೈಸ್ ಆಯಿತು. ಅಪ್ ಹವೆಲ್ ಪೊವೆಲ್ ಆಯಿತು. ಅಪ್ ಹ್ಯೂ ಪ್ಯೂ ಆಯಿತು. ಅಬ್ ಓವೆನ್ ಬೊವೆನ್ ಆಯಿತು. ಇವುಗಳಲ್ಲಿ 'ಮಗ' ಎಂಬ ಅರ್ಥ ಒಂದೇ ವ್ಯಂಜನವಾಗಿ ಉಳಿದಿದೆ. ಬೇರೆ ಕಡೆ ಇಂಗ್ಲಿಷಿನ ಷಷ್ಠೀ ವಿಭಕ್ತಿಯ ಸಕಾರವನ್ನು ಕೊನೆಗೆ ಹಚ್ಚಿದರು. ಜಾನ್ ಎಂಬುದಕ್ಕೆ ಅದು ಸೇರಿ ಜೋನ್ಸ್ ಆಯಿತು. ಅರ್ಥ 'ಜಾನನ' ಎಂದಷ್ಟೇ. 'ಮಗ' ಎಂಬುದನ್ನು ನಾವೇ ಅಧ್ಯಾಹಾರ ಮಾಡಿಕೊಳ್ಳಬೇಕು. ಆ ವೇಳೆಗೆ ಹಳೆಯ ವೆಲ್ಷ್ ಹೆಸರುಗಳು ಹಿಂದೆ ಸರಿದು, ಜಾನ್, ವಿಲಿಯಂ, ಡೇವಿಡ್, ಥಾಮಸ್ ಮುಂತಾದ ಕೆಲವೇ ಹೆಸರುಗಳು ಮನೆಮನೆಯಲ್ಲೂ ತುಂಬಿದ್ದವು. ಹೀಗಾಗಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಸಾವಿರಾರು ಜಾನರ ಮಕ್ಕಳು ಏಕಕಾಲಕ್ಕೆ ಜೋನ್ಸ್ ಆದರು. ವಿನೋದವೇನೆಂದರೆ, ಹಳೆಯ ವೆಲ್ಷ್ ವರ್ಣಮಾಲೆಯಲ್ಲಿ 'ಜೆ' ಎಂಬ ಅಕ್ಷರವೇ ಇರಲಿಲ್ಲ!

ಈಗ ನಮ್ಮ ನ್ಯಾಯಾಧೀಶರ ವಿಷಯಕ್ಕೆ ಬರೋಣ. ಅವರ ಅಜ್ಜ ಆಂಗಲ್ಸೀ ದ್ವೀಪದ ರೈತ. ಹೆಸರು ಶೋನ್ ಶೋರ್, ಇಂಗ್ಲಿಷಿನಲ್ಲಿ ಜಾನ್ ಜಾರ್ಜ್. ಅವರ ಮಗ ವಿಲಿಯಂ ನಾಡಿನ ರೂಢಿಯಂತೆ ಜಾನನ ಮಗನಾಗಿ ಜೋನ್ಸ್ ಎನಿಸಿಕೊಂಡರು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣಕ್ಕೆ 1706ರಲ್ಲಿ 'ಪೈ' ಎಂಬ ಗ್ರೀಕ್ ಅಕ್ಷರವನ್ನು ಮೊದಲು ಬಳಸಿದ ಗಣಿತಜ್ಞರು ಅವರೇ. ಹಿಂದಿನ ಕ್ರಮದಲ್ಲಾದರೆ ಅವರ ಮಗ ವಿಲಿಯಂ ಸುತನಾಗಬೇಕಿತ್ತು. ಲಂಡನ್ನಿನಲ್ಲಿ ಹುಟ್ಟಿದ ಆ ಮಗನಿಗೆ ಜೋನ್ಸ್ ಎಂಬುದೇ ನಿಂತುಹೋಯಿತು. ಆತನಿಗೆ ಮೂರು ವರ್ಷವಾಗುವಷ್ಟರಲ್ಲಿ ತಂದೆಯೂ ತೀರಿಕೊಂಡರು. ಲೋಕದ ಭಾಷೆಗಳನ್ನೆಲ್ಲ ಬಲ್ಲವರು, ತಮ್ಮದೊಂದನ್ನು ಬಿಟ್ಟು ಎಂದು ಈ ಮಹಾಪಂಡಿತರನ್ನು ಫ್ರಾನ್ಸಿನ ದೊರೆಗೆ ಪರಿಚಯಿಸಲಾಯಿತೆಂದು ಒಂದು ಕಥೆಯುಂಟು. ಕಥೆ ಹೇಗಾದರಿರಲಿ, ಹೆಸರಿನ ಜೊತೆಗೆ ಏನೇನು ಹಿಂದುಳಿಯಿತೆಂಬುದನ್ನು ಅದು ಸೂಚಿಸುತ್ತದೆ.

ಒಂದೇ ಊರಿನಲ್ಲಿ ಹತ್ತಾರು ಜಾನ್ ಜೋನ್ಸರಿದ್ದರೆ ಗುರುತಿಸುವುದು ಹೇಗೆ? ಜನರು ಹಾಲಿನ ಜೋನ್ಸ್, ರೊಟ್ಟಿಯ ಜೋನ್ಸ್ ಎಂದು ಕಸುಬನ್ನು ಸೇರಿಸಿದರು. ಇಲ್ಲವೇ ಹೊಲಮನೆಯ ಹೆಸರಿನಿಂದ ಕರೆದರು. ಕವಿಗಳು ಕಾವ್ಯನಾಮವನ್ನಿಟ್ಟುಕೊಂಡರು. 1810ರಿಂದ 1869ರವರೆಗೆ ಬಾಳಿದ ಕವಿ ಜಾನ್ ಜೋನ್ಸ್, ತಮ್ಮೂರಿನ ಹೆಸರಿನಿಂದ ತಾಲ್ಹಾಯರ್ನ್ ಎಂದೇ ಪ್ರಸಿದ್ಧರು. 2006ರಲ್ಲಿ ಕಾರ್ಡಿಫ್ ನಗರದ ಒಂದು ಸಭಾಭವನದಲ್ಲಿ 1,224 ಮಂದಿ ಜೋನ್ಸರು ಒಟ್ಟಿಗೆ ಕುಳಿತು ವಿಶ್ವದಾಖಲೆಯನ್ನೇ ಸ್ಥಾಪಿಸಿದರು. ಇತ್ತೀಚೆಗೆ ಕೆಲವರು ತಮ್ಮ ಮಕ್ಕಳಿಗೆ 'ಅಪ್' ಮತ್ತು 'ವೆರ್ಖ್' ಸೇರಿದ ಹೆಸರುಗಳನ್ನು ಮತ್ತೆ ಇಡುತ್ತಿರುವುದೂ ಉಂಟು.

ಮೂವತ್ತು ವರ್ಷ ಹಾಜರಿಪುಸ್ತಕದಲ್ಲಿ ಹುಡುಗರ ಹೆಸರು ಬರೆದ ನನಗೆ ಈ ಕಥೆಯಲ್ಲಿ ಗುಮಾಸ್ತನನ್ನು ಬೈಯಲು ಮನಸ್ಸಾಗುವುದಿಲ್ಲ. ಅವನಿಗೆ ಬೇಕಾದದ್ದು ಪುಸ್ತಕದ ಒಂದು ಅಂಕಣ ತುಂಬುವಷ್ಟು ಹೆಸರು. ಅಷ್ಟನ್ನು ಬರೆದುಕೊಂಡು ಉಳಿದುದನ್ನು ಬಿಟ್ಟ. ಆದರೆ ಬಿಟ್ಟದ್ದರಲ್ಲಿ ಅಜ್ಜ, ಮುತ್ತಜ್ಜರಿದ್ದರು. ಇನ್ನೊಮ್ಮೆ ನಿಮ್ಮ ಮನೆಯ ರೇಡಿಯೋದಲ್ಲಿ ಜೋನ್ಸ್ ಎಂಬ ಹೆಸರು ಕೇಳಿಬಂದರೆ, ಯಾವ ಜಾನನ ಮಗನೋ ಎಂದು ಕ್ಷಣಕಾಲ ಯೋಚಿಸಿ. ಹಾಗೆಯೇ, ನಿಮ್ಮ ಮುತ್ತಜ್ಜನ ಹೆಸರನ್ನು ನಿಮ್ಮ ಮಕ್ಕಳು ಬಲ್ಲರೇ ಎಂದು ಇಂದೇ ಕೇಳಿ ನೋಡಿ.